ಕೌದಿಗೆ ಹಳೆಯ ಅರಿವೆಯೇ ಬೇಕು

ಯಲಹಂಕ ಉಪನಗರದಲ್ಲಿ ನಮ್ಮ ಮನೆಯ ಹಿಂದಿನ ಖಾಲಿ ಸೈಟಿನಲ್ಲಿ ಕಟ್ಟಡವೊಂದು ಏಳುತ್ತಿದೆ. ಕೆಲಸಕ್ಕೆ ಬಂದವರು ಲಿಂಗಸುಗೂರು ಕಡೆಯವರು. ಅವರ ತಗಡಿನ ಶೆಡ್ಡುಗಳ ನಡುವೆ ಬಿಗಿದ ತಂತಿಯ ಮೇಲೆ ಬಿಸಿಲು ಬಿದ್ದ ದಿನವೆಲ್ಲ ನಾಲ್ಕೈದು ಕೌದಿಗಳು ತೂಗುತ್ತಿರುತ್ತವೆ. ಒಂದರ ನಡುವೆ ಇಳಕಲ್ ಸೀರೆಯ ಸೆರಗಿನ ಕೆಂಪು ಬಿಳಿ ತೆನಿ. ಇನ್ನೊಂದರ ಅಂಚಿಗೆ ಶಾಲೆಯ ಸಮವಸ್ತ್ರದ ನೀಲಿ. ಬೇಲಿಯಾಚೆ ನಿಂತು ಕೇಳಿದರೆ ಅಲ್ಲಿನ ಹೆಣ್ಣುಮಗಳು, "ಇದು ನಮ್ಮತ್ತಿ ಹೊಲಿದದ್ದಕ್ಕಾ. ಊರಿಂದ ಬರುವಾಗ ಬುತ್ತಿ ಮರತ್ರೂ ಕೌದಿ ಮರೆಯಂಗಿಲ್ಲ. ಇಲ್ಲಿ ಥಂಡಿ ಭಾಳ" ಎಂದಳು.

ಥಂಡಿಯ ಮಾತು ನಿಜ. ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ತಾಪಮಾನ 7.8 ಡಿಗ್ರಿ, 1884ರ ಜನವರಿ 13ರದು. ಈಗ ಊರು ಅಷ್ಟು ತಣ್ಣಗಾಗುವುದಿಲ್ಲ. ಆದರೂ ಡಿಸೆಂಬರಿನ ಬೆಳಗಿನ ಜಾವ ಜಕ್ಕೂರು, ಜಿಕೆವಿಕೆ ಕಡೆ ಮಂಜು ಇಳಿದಾಗ ಮಡಿಚಿಟ್ಟ ಹೊದಿಕೆಗಳೆಲ್ಲ ಹೊರಗೆ ಬರುತ್ತವೆ. ಬಯಲುಸೀಮೆಯ ಬಿಸಿಲೂರುಗಳಲ್ಲಿ ಕೌದಿಯನ್ನು ಹಾಸಿಕೊಳ್ಳುವುದೇ ಹೆಚ್ಚು, ಹೊದೆಯುವುದು ಕಡಿಮೆ. ಇಲ್ಲಿಗೆ ಬಂದ ಮೇಲೆ ಅದು ಹಾಸಿಗೆಯಿಂದ ಮೈಮೇಲೆ ಏರುತ್ತದೆ. ನಮ್ಮವ್ವ ಧಾರವಾಡ ಸೀಮೆಯಿಂದ ಯಶವಂತಪುರದ ನಿಲ್ದಾಣದಲ್ಲಿ ಬಂದಿಳಿದಾಗ ಹೆಗಲಿಗೆ ಹಾಕಿಕೊಂಡಿದ್ದ ದೊಡ್ಡ ಗಂಟಿನೊಳಗೆ ಇದ್ದದ್ದೂ ಎರಡು ಕೌದಿ. ಅವುಗಳಲ್ಲಿ ಒಂದು ಈಗಲೂ ನಮ್ಮ ಮನೆಯಲ್ಲಿದೆ.

ಕಂಡಿರದವರಿಗಾಗಿ ಹೇಳುತ್ತೇನೆ. ಹಳೆಯ ಸೀರೆ, ಧೋತರ, ಪಟಗ, ಅಂಗಿ, ಲಂಗಗಳನ್ನು ಪದರುಪದರಾಗಿ ಹಾಸಿ, ಮೇಲೆ ತುಂಡು ಬಟ್ಟೆಗಳನ್ನು ಜೋಡಿಸಿ, ಎಲ್ಲ ಪದರುಗಳನ್ನೂ ಹಿಡಿಯುವಂತೆ ಕೈಯಲ್ಲಿ ಹೊಲಿದ ಹೊದಿಕೆಯೇ ಕೌದಿ. ಉತ್ತರದ ರಜಾಯಿಯಂತೆ ಒಳಗೆ ಹತ್ತಿ ತುಂಬುವುದಿಲ್ಲ. ಬಟ್ಟೆಯ ಮೇಲೆ ಬಟ್ಟೆ, ಅಷ್ಟೇ. ಪದರುಗಳ ನಡುವೆ ಸಿಕ್ಕಿಬಿದ್ದ ಗಾಳಿಯೇ ಮೈ ಬೆಚ್ಚಗಿಡುತ್ತದೆ. ಬೆಂಗಳೂರು, ಕೋಲಾರದ ಹಳಬರು ಇಂಥದನ್ನು ಬೊಂತೆ ಎನ್ನುವುದುಂಟು. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿಯರ ಬಾಯಲ್ಲಿ ಇದು ಕವಂದಿ.

ಕೌದಿ ಹೊಲಿಯಲು ಎಷ್ಟು ದಿನ ಬೇಕು ಎಂದು ಒಮ್ಮೆ ಅವ್ವನನ್ನು ಕೇಳಿದ್ದೆ. ನಾನು ಕೇಳಿದ್ದು ಹೊಲಿಗೆಯ ದಿನಗಳನ್ನು. ಆಕೆ ಹೇಳಿದ್ದು ಬೇರೆ: "ಸೀರಿ ಮೆತ್ತಗಾಗಾಕ ಹತ್ತು ವರ್ಷ ಬೇಕಲ್ಲವ್ವಾ, ಅದನ್ನ ಯಾರು ಎಣಸ್ತಾರ?" ನಾನು ಅಂಗಡಿಯಿಂದ ಹೊಸ ಕಾಟನ್ ತುಂಡುಗಳನ್ನು ತಂದುಕೊಟ್ಟು ಮಗಳಿಗೊಂದು ಕೌದಿ ಹೊಲಿದುಕೊಡು ಎಂದಾಗಲೂ ಆಕೆ ಅವನ್ನು ಬೆರಳಲ್ಲಿ ಉಜ್ಜಿ ನೋಡಿ ಬದಿಗಿಟ್ಟಳು. "ಹೊಸಾ ಅರಿವಿ ಹಾಕಿದ್ರ ಕೌದಿ ಆಗೂದಿಲ್ಲ. ಕೂಸಿನ ಮೈ ತುರಸತೈತಿ."

ಅದು ಕಸುಬಿನ ಮಾತು. ಹೊಸ ನೂಲಿಗೆ ಗಂಜಿಯ ಬಿಗುಪು ಇರುತ್ತದೆ. ನಾಲ್ಕು ಪದರು ಕೂಡಿಸಿದರೆ ಸೂಜಿ ಇಳಿಯುವುದಿಲ್ಲ, ಹೊದಿಕೆ ಹಲಗೆಯಂತೆ ನಿಲ್ಲುತ್ತದೆ. ಉಟ್ಟು, ಒಗೆದು, ಬಿಸಿಲಿಗೆ ಒಣಗಿಸಿ, ಮತ್ತೆ ಉಟ್ಟು, ಹೀಗೆ ನೂರಾರು ಸಲ ಆದ ಮೇಲೆ ಹತ್ತಿಯ ನೂಲು ಸಡಿಲಗೊಂಡು ಮೃದುವಾಗುತ್ತದೆ. ಆ ಮೃದುತ್ವ ಮಗ್ಗದಿಂದ ಬಂದದ್ದಲ್ಲ, ಮೈಯಿಂದ ಬಂದದ್ದು. ಹೊಲದಲ್ಲಿ ಬಗ್ಗಿ ಕಳೆ ಕಿತ್ತ ಮೈ, ಒಲೆಯ ಮುಂದೆ ಕೂತು ರೊಟ್ಟಿ ಬಡಿದ ಮೈ ಅದನ್ನು ಮೆತ್ತಗೆ ಮಾಡಿರುತ್ತದೆ. ಸೂಜಿ ಬರುವುದು ಕೊನೆಗೆ.

ಅವ್ವ ಹೊಲಿಯುವುದನ್ನು ಎರಡು ಬೇಸಿಗೆ ಹತ್ತಿರ ಕೂತು ನೋಡಿದ್ದೇನೆ. ಮೊದಲು ಬಟ್ಟೆ ಹರಿದು ವಿಂಗಡಿಸುತ್ತಾಳೆ. ದಪ್ಪ ಅಂಚು, ಗುಂಡಿ, ಕಾಲರು ಬೇರೆ. ಚುಚ್ಚುವ ಜರಿ ಇದ್ದರೆ ಅದೂ ಬೇರೆ. ಗಟ್ಟಿಯಾದೊಂದು ಸೀರೆ ತಳಕ್ಕೆ. 9 ಗಜದ ಸೀರೆ ಎಂದರೆ 27 ಅಡಿ. ಅದನ್ನು ನಾಲ್ಕು ಮಡಿಕೆ ಮಾಡಿದರೆ ಆರು ಮುಕ್ಕಾಲು ಅಡಿ ಉದ್ದ, ಸೀರೆಯ ಪನ್ನವೇ ಅಗಲ, ಸುಮಾರು ನಾಲ್ಕು ಅಡಿ. ಒಬ್ಬ ಮನುಷ್ಯ ಕಾಲು ಚಾಚಿ ಮಲಗುವ ಅಳತೆ! ಒಂದು ಸೀರೆಯೊಳಗೆ ಒಂದು ಹಾಸಿಗೆ ಇರುತ್ತದೆಂದು ನನಗೆ ತಿಳಿದದ್ದು ಆವಾಗ. ಇಬ್ಬರಿಗೆ ಬೇಕಾದರೆ ಎರಡು ಸೀರೆ ಕೂಡಿಸುತ್ತಾರೆ.

ನೆಲದ ಮೇಲೆ ಸುಕ್ಕಿಲ್ಲದಂತೆ ಹಾಸುವುದೇ ಅರ್ಧ ಕೆಲಸ. ನಾಲ್ಕು ಮೂಲೆಗೆ ನಾಲ್ಕು ಜನ ಕೂತು ಎಳೆದು ಹಿಡಿಯಬೇಕು. ಆಮೇಲೆ ದಪ್ಪ ಸೂಜಿಗೆ ಜೋಡಿ ದಾರ ಪೋಣಿಸಿ ಅಂಚಿನಿಂದ ಹೊಲಿಗೆ ಆರಂಭ. ಕೆಲವರು ಉದ್ದುದ್ದ ಸಾಲು ಹಾಕುತ್ತಾರೆ. ನಮ್ಮ ಕಡೆ ಅಂಚಿಗೆ ಸಮನಾಗಿ ಸುತ್ತು ಬಂದು, ಚೌಕದೊಳಗೆ ಚೌಕವಾಗಿ ನಡುವಿಗೆ ಸೇರುತ್ತಾರೆ. ಸಾಲಿನಿಂದ ಸಾಲಿಗೆ ಒಂದು ಇಂಚು ಎಂದಿಟ್ಟರೂ ಒಂದು ಸಾದಾ ಕೌದಿಯಲ್ಲಿ ಹೊಲಿಗೆಯ ಒಟ್ಟು ಉದ್ದ ಸುಮಾರು 100 ಮೀಟರ್. ಇಂಚಿಗೆ ಮೂರು ಟಾಕಿಯಂತೆ ಲೆಕ್ಕ ಹಾಕಿದರೆ 11,000 ದಾಟುತ್ತದೆ. ಒಂದೊಂದು ಟಾಕಿಗೂ ನಾಲ್ಕೈದು ಪದರು ದಾಟಬೇಕು. ಅವ್ವನ ಬಲಗೈ ನಡುಬೆರಳಿನ ತುದಿಯಲ್ಲಿ ಸೂಜಿ ದೂಡಿ ದೂಡಿ ಆದ ಗಟ್ಟಿ ಕಲೆಯಿದೆ. ಮುಟ್ಟಿದರೆ ಹುಣಸೆಬೀಜದ ಹಾಗೆ.

ಊರುಗಳಲ್ಲಿ ಮನೆಯವರೇ ಹೊಲಿಯಬೇಕೆಂದೇನೂ ಇರಲಿಲ್ಲ. ಗೊಂದಲಿಗರ ಹೆಣ್ಣುಮಕ್ಕಳು ಮನೆಮನೆಯ ಹಳೆಯ ಬಟ್ಟೆ ಪಡೆದು ಕೌದಿ ಹೊಲಿದುಕೊಡುವುದರಲ್ಲಿ ಹೆಸರಾದವರು. ಅವರ ಗಂಡಸರು ದೇವಿಯ ಗೊಂದಲ ಹಾಕಿ ಕತೆ ಹಾಡುವವರು.

ಸಿದ್ದಿಯರ ಕವಂದಿಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಲೇಬೇಕು. ಆಫ್ರಿಕಾದ ಮೂಲದವರಾದ ಈ ಜನ ಪೋರ್ಚುಗೀಸರ ಕಾಲದ ಗೋವೆಯಿಂದ ತಪ್ಪಿಸಿಕೊಂಡು ಉತ್ತರ ಕನ್ನಡದ ಕಾಡು ಸೇರಿದರು. ಪರಿಶಿಷ್ಟ ಪಂಗಡದ ಮಾನ್ಯತೆ ದೊರೆತದ್ದು 2003ರಲ್ಲಿ. ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಧರ್ಮದ ಸಿದ್ದಿಯರಿದ್ದಾರೆ, ಮೂವರೂ ಕವಂದಿ ಹೊಲಿಯುತ್ತಾರೆ. ಒಂದು ಮೂಲೆಯಿಂದ ತುಂಡು ಕೂಡಿಸುತ್ತಾ ಸುತ್ತಿ ಬಂದು ನಡುವಿನಲ್ಲಿ ಮುಗಿಸುವುದು ಅವರ ಕ್ರಮ. ಕೊನೆಗೆ ನಾಲ್ಕು ಮೂಲೆಗೂ ತ್ರಿಕೋನವಾಗಿ ಮಡಿಚಿದ ಬಟ್ಟೆಯ ಹೂವು ಕೂರಿಸುತ್ತಾರೆ. ಅದಕ್ಕೆ ಫುಲ ಎಂದು ಹೆಸರು. ಫುಲ ಇಲ್ಲದ ಕವಂದಿ ಬೆತ್ತಲೆ ಇದ್ದಂತೆ ಎನ್ನುತ್ತಾರೆ ಆ ಹೆಂಗಸರು. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಇವರೊಡನೆ ವರ್ಷಗಟ್ಟಲೆ ಒಡನಾಡಿದವರು. 2011ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿರುವ ಶಾಂಬರ್ಗ್ ಕೇಂದ್ರದಲ್ಲಿ ಸಿದ್ದಿ ಕವಂದಿಗಳು ಗೋಡೆಯೇರಿದವು. ಅದಕ್ಕೂ ಮೊದಲು, 2002ರಲ್ಲಿ, ಅಲಬಾಮಾದ ಗೀಸ್ ಬೆಂಡ್ ಎಂಬ ಹಳ್ಳಿಯ ಕಪ್ಪು ಹೆಂಗಸರು ಹೊಲದ ದುಡಿಮೆಯ ಬಟ್ಟೆಗಳಿಂದ ಹೊಲಿದ ಹೊದಿಕೆಗಳು ಹ್ಯೂಸ್ಟನ್‌ನ ವಸ್ತುಸಂಗ್ರಹಾಲಯದಲ್ಲಿ ಪ್ರದರ್ಶನಗೊಂಡಿದ್ದವು. ಬಂಗಾಳದ ಕಾಂಥಾ, ಬಿಹಾರದ ಸುಜನಿ ಕೂಡ ಹಳೆಯ ಬಟ್ಟೆಯ ಮೇಲೆ ನಡೆದ ಇದೇ ಓಟುಹೊಲಿಗೆಯಿಂದ ಬೆಳೆದವು. ಅವಕ್ಕೆ ಭೌಗೋಳಿಕ ಸೂಚ್ಯಂಕದ ಮನ್ನಣೆಯೂ ಸಿಕ್ಕಿದೆ. ನಮ್ಮ ಕೌದಿಗೂ ಅಂಥ ಗೌರವ ಸಲ್ಲಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಈಗಿನ ತೊಡಕು ಹೊಲಿಯುವ ಕೈಯದಷ್ಟೇ ಅಲ್ಲ, ಹೊಲಿಯಬೇಕಾದ ಅರಿವೆಯದು. ಪಾಲಿಯೆಸ್ಟರ್ ಸೀರೆ ಎಷ್ಟು ವರ್ಷ ಉಟ್ಟರೂ ಹತ್ತಿಯಂತೆ ಮೆತ್ತಗಾಗುವುದಿಲ್ಲ. ಪದರುಗಳು ಒಂದರ ಮೇಲೊಂದು ಜಾರುತ್ತವೆ, ಬೆವರು ಹೀರುವುದಿಲ್ಲ. ಯಲಹಂಕದಿಂದ ಮೇಲಕ್ಕೆ ಹೋದರೆ ಸಿಗುವ ನೇಕಾರರ ಊರು ದೊಡ್ಡಬಳ್ಳಾಪುರ. ಅಲ್ಲಿನ ಮಗ್ಗಗಳಿಂದ ಇಳಿಯುವುದು ಹೆಚ್ಚಾಗಿ ರೇಷ್ಮೆ, ಕೃತಕ ರೇಷ್ಮೆ. ಸುಂದರ ಸೀರೆಗಳು ನಿಜ, ಕೌದಿಗಲ್ಲ. ಇನ್ನೊಂದು ಕೊರತೆ ಜಾಗದ್ದು. ಆರೇಳು ಅಡಿ ಬಟ್ಟೆ ಹಾಸಿ ನಾಲ್ಕು ಜನ ಕೂರಲು ಆರ್.ಟಿ. ನಗರದ ಬಾಡಿಗೆ ಮನೆಯಲ್ಲಿ ಮಂಚ, ಸೋಫಾ ಎಲ್ಲಿಗೆ ಸರಿಸುವುದು? ಹೆಬ್ಬಾಳದಲ್ಲಿರುವ ನನ್ನ ಚಿಕ್ಕಮ್ಮ ಕೌದಿಯನ್ನು ಊಟದ ಮೇಜಿನ ಮೇಲೆ ಹಾಸಿ ಹೊಲಿಯುತ್ತಾಳೆ. ನೆಲದ ಮೇಲೆ ಬಂದ ಹೊಲಿಗೆ ಮೇಜಿನ ಮೇಲೆ ಬರುವುದಿಲ್ಲವೆಂದು ಕೊರಗುತ್ತಾಳೆ.

ಒಗೆಯುವುದು ಬೇರೆಯದೇ ಕತೆ. ನಮ್ಮ ಕಡೆ ಮಹಾನವಮಿಗೆ ಮುಂಚೆ ಮನೆಯ ಹಾಸಿಗೆ ಹೊದಿಕೆಯೆಲ್ಲ ಹಳ್ಳಕ್ಕೋ ಹೊಳೆಗೋ ಹೋಗಿ ಸ್ವಚ್ಛವಾಗಿ ಬರಬೇಕು. ನೀರು ಕುಡಿದ ಕೌದಿಯನ್ನು ಒಬ್ಬರು ಎತ್ತಲಾರರು. ಇಬ್ಬರು ಎದುರುಬದುರು ನಿಂತು ಹಗ್ಗದಂತೆ ಹೊಸೆದು ಹಿಂಡಬೇಕು. ವಾಷಿಂಗ್ ಮಷೀನು ಅದರ ಭಾರಕ್ಕೆ ನಡುಗಿ ನಿಲ್ಲುತ್ತದೆ. ನಾವು ಟೆರೇಸಿನಲ್ಲಿ ದೊಡ್ಡ ಟಬ್ಬಿಗೆ ಹಾಕಿ ತುಳಿಯುತ್ತೇವೆ, ಮಗಳಿಗೆ ಆ ಕೆಲಸವೆಂದರೆ ಹಬ್ಬ. ಬಾಲ್ಕನಿಯಲ್ಲಿ ಬಟ್ಟೆ ಒಣಹಾಕಿದರೆ ಕಟ್ಟಡದ ಅಂದ ಕೆಡುತ್ತದೆಂದು ನಾವು ಮೊದಲಿದ್ದ ಅಪಾರ್ಟ್‌ಮೆಂಟಿನಲ್ಲಿ ತಡೆದಿದ್ದರು. ಆ ವರ್ಷ ಕೌದಿ ಒಳಗೇ ಒಣಗಿ ಮುಗ್ಗಲು ವಾಸನೆ ಹಿಡಿಯಿತು. ಅವ್ವ ಅದನ್ನು ಮೂಸಿ ನೋಡಿ ಒಂದು ಮಾತೂ ಆಡಲಿಲ್ಲ. ಅದು ನನಗೆ ಈಗಲೂ ನೋವು.

ಮೇಳಗಳಲ್ಲಿ ಈಚೆಗೆ ಕೌದಿ ಎಂದು ಮಾರುವವುಗಳನ್ನು ಕೊಳ್ಳುವ ಮುಂಚೆ ಮಗುಚಿ ನೋಡಿ. ಕೈಹೊಲಿಗೆ ಹಿಂಬದಿಯಲ್ಲೂ ಸಣ್ಣಗೆ ಸೊಟ್ಟಗಾಗುತ್ತಾ ಸಾಗಿರುತ್ತದೆ, ಟಾಕಿಯ ಉದ್ದ ಹೆಚ್ಚು ಕಡಿಮೆಯಾಗಿರುತ್ತದೆ. ಯಂತ್ರದ್ದು ಗೆರೆ ಎಳೆದ ಹಾಗೆ. ಅದಕ್ಕಿಂತ ಒಳ್ಳೆಯದು, ನಿಮ್ಮ ಮನೆಯ ಹಳೆಯ ಹತ್ತಿ ಸೀರೆಗಳನ್ನೇ ಬಲ್ಲವರಿಗೆ ಕೊಟ್ಟು ಹೊಲಿಸುವುದು. ಕೂಲಿ ಕೇಳಿದಷ್ಟು ಕೊಡಿ, ಆ 11,000 ಟಾಕಿಯನ್ನು ನೆನೆದು.

ಕೌದಿ ಹರಿದರೆ ಎಸೆಯುವ ರೂಢಿಯಿಲ್ಲ. ಸವೆದ ಕಡೆ ತೇಪೆ, ಪೂರಾ ಸವೆದರೆ ಮೇಲೊಂದು ಸೀರೆ ಹೊದಿಸಿ ಮತ್ತೆ ಹೊಲಿಗೆ. ಹಳೆಯ ಕೌದಿ ಹೊಸ ಕೌದಿಯ ಹೊಟ್ಟೆ ಸೇರುತ್ತದೆ. ಯಶವಂತಪುರದಲ್ಲಿ ಇಳಿದ ಆ ಕೌದಿಯ ಮೇಲ್ಪದರು ಅಜ್ಜಿಯ ಇಳಕಲ್ ಸೀರೆ. ಆಕೆ ತೀರಿಕೊಂಡು ವರ್ಷವಾಗುವ ತನಕ ಅವ್ವ ಅದಕ್ಕೆ ಕತ್ತರಿ ಹಾಕಿರಲಿಲ್ಲ. ನಡುವೆ ಅಪ್ಪನ ಧೋತರ, ಅವ್ವನ ಕುಬಸದ ಹಸಿರು ಸೀರೆಯ ತುಂಡು, ನನ್ನ ಮೂರನೇ ಇಯತ್ತೆಯ ಅಂಗಿ. ಹೋದ ಚಳಿಗಾಲದಲ್ಲಿ ಒಂದು ಮೂಲೆ ಬಿಚ್ಚಿಕೊಂಡಿತು. ಒಳಗೆ ಸಣ್ಣ ಕೆಂಪು ಚೌಕಳಿಯ ಅರಿವೆ. ಮಗಳು "ಇದು ಯಾರದು?" ಎಂದಳು. ನನಗೆ ಗೊತ್ತಿರಲಿಲ್ಲ. ಅವ್ವನೂ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದಳು. ಊರಿಗೆ ಫೋನು ಹೋಯಿತು, ಅಜ್ಜಿಯ ತಂಗಿಗೆ. ಆಕೆ ಬಣ್ಣ ಕೇಳಿದಳು, ಚೌಕಳಿಯ ಅಳತೆ ಕೇಳಿದಳು, ಆಮೇಲೆ, "ಅದು ನಮ್ಮವ್ವಂದಿರಬೇಕು ನೋಡು. ಅಕಿ ಸೀರಿ ಹಂಗ ಇರತಿದ್ದುವು" ಎಂದು ಸುಮ್ಮನಾದಳು. ನನ್ನ ಮುತ್ತಜ್ಜಿಯ ಒಂದು ಫೋಟೋ ಕೂಡ ನಮ್ಮಲ್ಲಿಲ್ಲ. ಅವ್ವ ಆ ಮೂಲೆಯನ್ನು ಅಂದೇ ಸಂಜೆ ಮತ್ತೆ ಹೊಲಿದು ಮುಚ್ಚಿದಳು.

ಆವತ್ತಿನಿಂದ ನಾನು ಮನೆಯಲ್ಲಿ ಹತ್ತಿ ಸೀರೆ ಉಡಲು ಆರಂಭಿಸಿದ್ದೇನೆ. ಮಗಳಿಗೆ ಈಗ ಹನ್ನೊಂದು. ಮೂರು ಸೀರೆ ಸರದಿಯ ಮೇಲೆ ಉಡುತ್ತೇನೆ, ಒಗೆಯುತ್ತೇನೆ, ಟೆರೇಸಿನ ಬಿಸಿಲಿಗೆ ಹರವುತ್ತೇನೆ. ಅವ್ವ ಆಗಾಗ ಸೆರಗನ್ನು ಬೆರಳಲ್ಲಿ ಉಜ್ಜಿ ನೋಡುತ್ತಾಳೆ. ನೀಲಿ ಸೀರೆಗೆ ಇನ್ನೂ ಬಿಗುಪು ಇದೆಯಂತೆ.