ಮೂಗು ಮತ್ತು ಮರೆವು

ಕಣ್ಣು ಮಂದವಾದರೆ ನಾವು ಕನ್ನಡಕವನ್ನು ಅರಸುವೆವು. ಕಿವಿ ಮಂದವಾದರೆ ವೈದ್ಯರಲ್ಲಿಗೆ ಹೋಗುವೆವು. ಮೂಗು ಮಂದವಾದರೆ ಮಾತ್ರ ನೆಗಡಿಯ ಮೇಲೆ ತಪ್ಪು ಹೊರಿಸಿ ಸುಮ್ಮನಾಗುವೆವು. ವೃದ್ಧಾಪ್ಯದಲ್ಲಿ ಈ ಉದಾಸೀನ ಸಲ್ಲದು. ಡಿಮೆನ್ಷಿಯ ಎಂಬ ಮರೆಗುಳಿ ರೋಗದ ಮೊದಲ ಸುಳಿವು ಕೆಲವೊಮ್ಮೆ ಮೂಗಿನಲ್ಲಿಯೇ ದೊರೆಯುವುದು.

ಮೂಗಿಗೂ ಮರೆವಿಗೂ ಏನು ಸಂಬಂಧ? ಮಲ್ಲಿಗೆಯನ್ನು ಮೂಸಿದಾಗ ಅದರ ಗಂಧದ ಅಣುಗಳು ಮೂಗಿನ ಮೇಲ್ಭಾಗದಲ್ಲಿರುವ ತೇವವಾದ ಪೊರೆಯನ್ನು ಮುಟ್ಟುವುವು. ಅಲ್ಲಿ ಸುಮಾರು 400 ಬಗೆಯ ಗಂಧಗ್ರಾಹಕಗಳಿವೆ. ಇವುಗಳನ್ನು ರೂಪಿಸುವ ಜೀನುಗಳನ್ನು 1991ರಲ್ಲಿ ಬೆಳಕಿಗೆ ತಂದ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ ಅವರಿಗೆ 2004ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು. ಗ್ರಾಹಕಗಳಿಂದ ಹೊರಟ ಸಂದೇಶವು ಮಿದುಳಿನ ಘ್ರಾಣಕೇಂದ್ರಗಳನ್ನು ಸೇರುವುದಲ್ಲದೆ, ನೆನಪಿನ ಹೆಬ್ಬಾಗಿಲಿನಂತಿರುವ ಎಂಟೋರೈನಲ್ ವಲಯಕ್ಕೂ ಸಾಗುವುದು. ಗಂಧವನ್ನು ಹಿಡಿಯುವುದು ಮೂಗಿನ ಕೆಲಸ. ಅದು ಮಲ್ಲಿಗೆಯದೆಂದು ಗುರುತಿಸುವುದು ಮಿದುಳಿನ ಕೆಲಸ.

ಡಿಮೆನ್ಷಿಯಕ್ಕೆ ಅತಿ ಸಾಮಾನ್ಯವಾದ ಕಾರಣ ಆಲ್ಝೈಮರ್ ರೋಗ. ಈ ರೋಗದಲ್ಲಿ ಟೌ ಎಂಬ ಪ್ರೋಟೀನು ನರಕೋಶಗಳೊಳಗೆ ಗಂಟುಗಟ್ಟುವುದು. ಮಿದುಳಿನ ಹೊರಪದರದಲ್ಲಿ ಈ ಗಂಟುಗಳು ಮೊದಲು ತೋರುವುದು ಎಂಟೋರೈನಲ್ ವಲಯದ ಆಸುಪಾಸಿನಲ್ಲಿಯೇ ಎಂದು ಜರ್ಮನಿಯ ಹೈಕೊ ಬ್ರಾಕ್ ಮತ್ತು ಈವಾ ಬ್ರಾಕ್ 1991ರಲ್ಲಿ ವಿವರಿಸಿದರು. ಮರೆವು ಹೊರಗೆ ಕಾಣುವುದಕ್ಕೆ ಎಷ್ಟೋ ವರ್ಷ ಮೊದಲೇ ಒಳಗೆ ಹಾನಿ ಆರಂಭವಾಗಿರುವುದು.

ಇದನ್ನು ಪರೀಕ್ಷಿಸುವ ಬಗೆ ಸರಳ. ಅಮೆರಿಕದ ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದ ರಿಚರ್ಡ್ ಡೋಟಿ ಮತ್ತು ಅವರ ಸಂಗಡಿಗರು 1984ರಲ್ಲಿ 40 ವಾಸನೆಗಳ ಪರೀಕ್ಷೆಯೊಂದನ್ನು ಪ್ರಕಟಿಸಿದರು. ಪುಸ್ತಿಕೆಯ ಪುಟದ ಮೇಲಿನ ಪಟ್ಟಿಯನ್ನು ಕೆರೆದು ಮೂಸಿ, ನಾಲ್ಕು ಹೆಸರುಗಳಲ್ಲಿ ಒಂದನ್ನು ಆರಿಸಬೇಕು. ಅಮೆರಿಕದಲ್ಲಿಯೇ 57ರಿಂದ 85 ವರ್ಷ ವಯಸ್ಸಿನ ಸುಮಾರು 3,000 ಮಂದಿಗೆ ಪುದೀನ, ಮೀನು, ಕಿತ್ತಳೆ, ಗುಲಾಬಿ, ಚರ್ಮ ಎಂಬ ಐದೇ ವಾಸನೆಗಳನ್ನು ನೀಡಿ, ಐದು ವರ್ಷಗಳ ಬಳಿಕ ಅವರನ್ನು ಮತ್ತೆ ವಿಚಾರಿಸಲಾಯಿತು. ನಾಲ್ಕನ್ನಾದರೂ ಗುರುತಿಸಲಾರದವರಲ್ಲಿ ಡಿಮೆನ್ಷಿಯದ ಸಂಭವವು ಉಳಿದವರಿಗಿಂತ ಎರಡು ಪಟ್ಟಿಗೂ ಮಿಗಿಲಾಗಿತ್ತೆಂದು 2017ರಲ್ಲಿ ವರದಿಯಾಯಿತು.

ಹಾಗೆಂದು ವಾಸನೆ ತಿಳಿಯದವರೆಲ್ಲ ಮರೆಗುಳಿಗಳಾಗುವರೆಂದು ಭಾವಿಸಲಾಗದು. ನೆಗಡಿ, ಧೂಮಪಾನ, ತಲೆಗೆ ಬಿದ್ದ ಪೆಟ್ಟು, ಕೋವಿಡ್, ಪಾರ್ಕಿನ್ಸನ್ ರೋಗ, ಬರಿಯ ವಯಸ್ಸು, ಇವೂ ಘ್ರಾಣಶಕ್ತಿಯನ್ನು ಕುಗ್ಗಿಸುವುವು. ಪರಿಚಯವಿಲ್ಲದ ವಾಸನೆಗೆ ಯಾರೂ ಹೆಸರು ಹೇಳಲಾರರು. ಅಮೆರಿಕದ ಕುಂಬಳದ ಕಜ್ಜಾಯವನ್ನು ನಮ್ಮವರೂ, ನಮ್ಮ ಇಂಗನ್ನು ಅಲ್ಲಿಯವರೂ ಗುರುತಿಸದಿದ್ದರೆ ಅದು ರೋಗವಲ್ಲ. ಆದುದರಿಂದ ಈ ಪರೀಕ್ಷೆಯು ಎಚ್ಚರಿಕೆಯ ಗಂಟೆಯೇ ಹೊರತು ತೀರ್ಪಲ್ಲ.

ಸೀದ ಹಾಲಿನ ವಾಸನೆ ಮನೆಯ ಹಿರಿಯರಿಗೆ ತಿಳಿಯದೆ ಹೋದರೆ ನಗುವುದು ಸುಲಭ. ಅದು ಮತ್ತೆ ಮತ್ತೆ ನಡೆದರೆ ಅವರನ್ನು ವೈದ್ಯರಿಗೆ ತೋರಿಸುವುದು ಮೇಲು. ಸೋರುವ ಅಡುಗೆ ಅನಿಲವೂ ಹಳಸಿದ ಅನ್ನವೂ ಅವರ ಮೂಗಿಗೆ ತಿಳಿಯವಾದುದರಿಂದ, ಆ ಎಚ್ಚರವನ್ನು ಮನೆಯ ಕಿರಿಯರು ವಹಿಸಬೇಕು.