ಎಡದೊರೆಯ ಮನೆಗಳಲ್ಲಿ ಸಂಜೆಯ ಪ್ರಾರ್ಥನೆ

ಕೃಷ್ಣೆ ಮತ್ತು ತುಂಗಭದ್ರೆಯರ ನಡುವಣ ನೆಲವನ್ನು ನಮ್ಮ ಪ್ರಾಚೀನ ಶಾಸನಗಳು ಎಡದೊರೆ ನಾಡೆಂದು ಕರೆದಿವೆ. ಈ ನೆಲಕ್ಕಾಗಿ ಸಾಮ್ರಾಜ್ಯಗಳು ಶತಮಾನಗಳ ಕಾಲ ಕಾದಾಡಿದ ಕಥೆಯನ್ನು ಚರಿತ್ರೆಯ ಪುಸ್ತಕಗಳು ವಿಸ್ತಾರವಾಗಿಯೇ ಹೇಳುತ್ತವೆ. ಆದರೆ ಇದೇ ನಾಡಿನ ಸಿಂಧನೂರು, ಲಿಂಗಸುಗೂರು, ಮಸ್ಕಿ ತಾಲ್ಲೂಕುಗಳ ಹಳ್ಳಿಗಳಲ್ಲಿ, ದಿನವಿಡೀ ಹತ್ತಿಯ ಹೊಲದಲ್ಲಿಯೋ ಭತ್ತದ ಗದ್ದೆಯಲ್ಲಿಯೋ ಕೂಲಿಮಾಡಿ ಬಂದು, ಕೈಕಾಲು ತೊಳೆದು, ಒಲೆಯ ಮೇಲೆ ಬೇಳೆ ಬೇಯುತ್ತಿರುವಾಗಲೇ ಮಕ್ಕಳನ್ನು ಹತ್ತಿರ ಕೂಡಿಸಿಕೊಂಡು ಪ್ರಾರ್ಥನೆಗೆ ಕುಳಿತುಕೊಳ್ಳುವ ಕ್ರೈಸ್ತ ಕುಟುಂಬಗಳ ಬಾಳನ್ನು ಹೊರಗಿನವರು ಬಲ್ಲುದು ಅತ್ಯಲ್ಪ. ಈ ಜನರ ಧರ್ಮವನ್ನು ಅರಿಯಬೇಕೆಂಬವರು ಇಗರ್ಜಿಯ ಗೋಪುರವನ್ನು ನೋಡಿದರೆ ಸಾಲದು, ಮನೆಯ ಹೊಸಿಲನ್ನು ದಾಟಿ ಒಳಗೆ ಬರಬೇಕು; ಏಕೆಂದರೆ ಇಲ್ಲಿ ವಿಶ್ವಾಸವು ಒಂದು ತಲೆಮಾರಿನಿಂದ ಇನ್ನೊಂದಕ್ಕೆ ಇಳಿದು ಬಂದುದು ಮುಖ್ಯವಾಗಿ ತಾಯಿ, ಅಜ್ಜಿಯರ ಕೈಯಿಂದ.

ಈ ಸಮುದಾಯ ನಿನ್ನೆ ಮೊನ್ನೆಯದಲ್ಲ. ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನಲ್ಲಿ, ಬಿಜಾಪುರದ ಆದಿಲಶಾಹಿಗಳು ಆಳುತ್ತಿದ್ದ 16ನೆಯ ಶತಮಾನದಲ್ಲಿಯೇ, ಗೋವೆಯ ಕಡೆಯಿಂದ ಬಂದ ಗುರುಗಳ ಬೋಧನೆಯಿಂದ ಕಥೋಲಿಕ ಸಭೆಯೊಂದು ನೆಲೆಗೊಂಡಿತು. ತುಂಗಭದ್ರೆಯ ಆಚೆ ದಡದ ಬಳ್ಳಾರಿಗೆ 1810ರಲ್ಲಿ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಎಂಬವರು ಕನ್ನಡವನ್ನು ಕಲಿತು ಬೈಬಲನ್ನು ಕನ್ನಡಕ್ಕೆ ತರುವ ಕಾರ್ಯದಲ್ಲಿ ತೊಡಗಿದರು. ಸಂಪೂರ್ಣ ಗ್ರಂಥವು 1831ರ ವೇಳೆಗೆ ಮುದ್ರಣಗೊಂಡಿತು. ರಾಯಚೂರಿನ ಕಡೆಯಿಂದ ಮೆಥೊಡಿಸ್ಟ್ ಸಭೆ ಹಬ್ಬಿತು. ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ನೀರು ಹರಿದ ಮೇಲೆ ಆಂಧ್ರದ ಕರಾವಳಿಯಿಂದ ಬಂದ ರೈತರು ಸಿಂಧನೂರಿನ ಸುತ್ತ ಕ್ಯಾಂಪುಗಳನ್ನು ಕಟ್ಟಿಕೊಂಡರು. ಅವರೊಡನೆ ತೆಲುಗಿನಲ್ಲಿ ಪ್ರಾರ್ಥಿಸುವ ಮನೆಗಳೂ ಬಂದವು. ಆ ಮನೆಗಳ ಮಕ್ಕಳು ದೇವರೊಡನೆ ತೆಲುಗಿನಲ್ಲಿ, ಶಾಲೆಯ ಗುರುಗಳೊಡನೆ ಕನ್ನಡದಲ್ಲಿ ಮಾತನಾಡುತ್ತ ಬೆಳೆದಿದ್ದಾರೆ.

ಸಂಜೆಯ ಪ್ರಾರ್ಥನೆಯ ಸ್ವರೂಪ ಮನೆಯಿಂದ ಮನೆಗೆ ಬೇರೆ. ಕಥೋಲಿಕರಲ್ಲಿ ಜಪಸರದ ಮಣಿಗಳನ್ನು ಒಂದೊಂದಾಗಿ ಸರಿಸುತ್ತ ಹಿರಿಯರು ಅರ್ಧ ಮಂತ್ರವನ್ನು ಹೇಳಿದರೆ ಉಳಿದರ್ಧವನ್ನು ಕಿರಿಯರು ತುಂಬುವರು. ಪ್ರೊಟೆಸ್ಟಂಟರಲ್ಲಿ ಒಂದು ಕೀರ್ತನೆ, ವೇದವೆಂದು ಇವರು ಕರೆಯುವ ಬೈಬಲಿನ ಒಂದು ಅಧ್ಯಾಯ, ಆಮೇಲೆ ಬಾಯಿಗೆ ಬಂದ ಮಾತಿನಲ್ಲಿಯೇ ಒಂದು ಬಿನ್ನಹ. ಈ ಬಿನ್ನಹದಲ್ಲಿ ಬರುವ ವಿಷಯಗಳಾದರೋ ಕಾಲುವೆಯ ಕೊನೆಯ ಹೊಲಕ್ಕೂ ನೀರು ಮುಟ್ಟಲಿ ಎಂಬುದು, ಎಮ್ಮೆ ಸುಖವಾಗಿ ಈಯಲಿ ಎಂಬುದು, ಬಡ್ಡಿಯ ಸಾಲ ತೀರಲಿ ಎಂಬುದು. ಮನೆಯ ಕಷ್ಟವನ್ನು ಮಕ್ಕಳಿಂದ ಮುಚ್ಚಿಡಬೇಕೆಂದು ಎಣಿಸುವವರಿಗೆ ಇದು ವಿಚಿತ್ರವಾಗಿ ತೋರಬಹುದು. ನನಗಾದರೋ, ತಂದೆಯ ಭಯವೇನು, ತಾಯಿಯ ಆಸೆಯೇನು ಎಂಬುದನ್ನು ಜಗಳದ ಮಾತಿನಲ್ಲಿ ಕೇಳುವುದಕ್ಕಿಂತ ಪ್ರಾರ್ಥನೆಯ ಮಾತಿನಲ್ಲಿ ಕೇಳಿ ತಿಳಿಯುವ ಮಗುವು ಭಾಗ್ಯಶಾಲಿಯೆಂದೇ ತೋರುತ್ತದೆ.

ವೇದವನ್ನು ಓದುವವರು ಯಾರು? ಇಲ್ಲಿಯೇ ಈ ಮನೆಗಳ ಒಂದು ಅಪೂರ್ವ ವಿಶೇಷವಿರುವುದು. 2011ರ ಜನಗಣತಿಯಲ್ಲಿ ಕರ್ನಾಟಕದ ಅಕ್ಷರಸ್ಥರು ನೂರಕ್ಕೆ 75ರಷ್ಟಿದ್ದಾಗ ಈ ತಾಲ್ಲೂಕುಗಳಿರುವ ರಾಯಚೂರು ಜಿಲ್ಲೆಯಲ್ಲಿ ಸುಮಾರು 60ರಷ್ಟು ಮಾತ್ರ. ಸ್ತ್ರೀಯರಲ್ಲಿ ಅರ್ಧದಷ್ಟು ಜನಕ್ಕೂ ಓದು ಬರುತ್ತಿರಲಿಲ್ಲ. ಹೀಗಿರುವಲ್ಲಿ, ಗ್ರಂಥದ ಮೇಲೆ ಅಪಾರವಾದ ಗೌರವವಿದ್ದೂ ಅದನ್ನು ತಾನಾಗಿ ಓದಲಾರದ ಅಜ್ಜಿಯು, ನಾಲ್ಕನೆಯ ತರಗತಿಯ ಮೊಮ್ಮಗನನ್ನು ದೀಪದ ಬಳಿ ಕೂಡಿಸಿ, "ತಮ್ಮಾ, ನಿನ್ನೆ ಬಿಟ್ಟ ಜಾಗಾ ಹುಡುಕಿ ಓದಪ್ಪಾ" ಎನ್ನುತ್ತಾಳೆ. ಹುಡುಗನು ಒತ್ತಕ್ಷರಗಳಲ್ಲಿ ಎಡವುತ್ತ ಓದುತ್ತಾನೆ. ಎಷ್ಟೋ ಸಲ ಕೇಳಿ ಬಾಯಿಪಾಠವಾಗಿರುವ ಅಜ್ಜಿ ಅವನು ಬಿಟ್ಟ ಪದವನ್ನು ಎತ್ತಿ ಕೊಡುತ್ತಾಳೆ. ಅವನಿಗೆ ಅಕ್ಷರ ಗೊತ್ತು, ಅವಳಿಗೆ ಅರ್ಥ ಗೊತ್ತು. ಶಾಲೆಯಲ್ಲಿ ತಪ್ಪಿಗೆ ಪೆಟ್ಟು ತಿಂದು ಓದೆಂದರೆ ಹೆದರುವ ಮಗುವಿಗೆ ತನ್ನ ಓದು ಮನೆಮಂದಿಗೆಲ್ಲ ಬೇಕಾದುದೆಂಬ ಅರಿವು ಮೂಡುವುದು ಸಾಮಾನ್ಯವಾದ ಲಾಭವಲ್ಲ. ವೇದವನ್ನು ಓದುವುದಕ್ಕಾಗಿಯೇ ಹೆಣ್ಣುಮಗಳನ್ನು ಶಾಲೆಗೆ ಕಳುಹಿಸಿದ ಮನೆಗಳು ಹಿಂದೆಯೂ ಇದ್ದುವು, ಈಗಲೂ ಇವೆ.

ಮಗುವಿಗೆ ಧರ್ಮವನ್ನು ಕಲಿಸುವ ಹೊಣೆ ಮನೆಯವರದು ಮಾತ್ರವೂ ಅಲ್ಲ. ಶಿಶುವಿಗೆ ಜ್ಞಾನಸ್ನಾನವಾಗುವಾಗ ತಂದೆತಾಯಿಗಳೊಡನೆ ಜ್ಞಾನತಂದೆ, ಜ್ಞಾನತಾಯಿಯರೆಂದು ಇನ್ನಿಬ್ಬರು ನಿಂತು ಮಗುವಿನ ಧರ್ಮಶಿಕ್ಷಣದ ಹೊಣೆಯನ್ನು ಹೊರುವ ಪದ್ಧತಿ ಕಥೋಲಿಕರಲ್ಲಿ ಉಂಟು. ಹೆತ್ತವರು ಇಲ್ಲವಾದ ಪಕ್ಷದಲ್ಲಿ ಆಸರೆಯಾಗಬೇಕಾದವರು ಅವರೆಂದು ಜನ ಭಾವಿಸುವುದೂ ಉಂಟು.

ಮಕ್ಕಳ ಶಿಸ್ತಿನ ವಿಷಯದಲ್ಲಿ ಸ್ವಲ್ಪ ನಿಂತು ಮಾತನಾಡಬೇಕು. ತಂದೆತಾಯಿಗಳನ್ನು ಸನ್ಮಾನಿಸು ಎಂಬ ಆಜ್ಞೆ ದಶಾಜ್ಞೆಗಳಲ್ಲಿ ಇದೆಯೆಂಬುದನ್ನು, ಕಥೋಲಿಕರ ಎಣಿಕೆಯಲ್ಲಿ ಅದು ನಾಲ್ಕನೆಯದಾಗಲಿ ಪ್ರೊಟೆಸ್ಟಂಟರ ಎಣಿಕೆಯಲ್ಲಿ ಐದನೆಯದಾಗಲಿ, ಮಕ್ಕಳಿಗೆ ಕಲಿಸದ ಮನೆಯಿಲ್ಲ. ಬೆತ್ತವನ್ನು ಸಮರ್ಥಿಸುವ ಜ್ಞಾನೋಕ್ತಿಗಳನ್ನು ನೆನಪಿಟ್ಟುಕೊಂಡ ತಂದೆಯರೂ ಕಡಮೆಯಿಲ್ಲ. ಆದರೆ ಎಫೆಸದವರಿಗೆ ಬರೆದ ಪತ್ರಿಕೆಯ ಆರನೆಯ ಅಧ್ಯಾಯದಲ್ಲಿ ಪೌಲನು ಮಕ್ಕಳಿಗೆ ವಿಧೇಯತೆಯನ್ನು ಬೋಧಿಸಿದ ಬೆನ್ನಲ್ಲಿಯೇ ತಂದೆಯರತ್ತ ತಿರುಗಿ, ಮಕ್ಕಳನ್ನು ಕೆರಳಿಸಬಾರದೆಂದು ಅವರನ್ನೂ ಎಚ್ಚರಿಸಿದ್ದಾನೆ. ಒಂದನ್ನು ಓದಿ ಇನ್ನೊಂದನ್ನು ದಾಟಿಬಿಡುವುದು ಗ್ರಂಥಕ್ಕೆ ಮಾಡುವ ಅಪಚಾರ. ಮೊದಲು ಕುಡಿತಕ್ಕೆ ಬಿದ್ದಿದ್ದು, ವಿಶ್ವಾಸಕ್ಕೆ ಬಂದು ಅದನ್ನು ಬಿಟ್ಟ ತಂದೆಯೊಬ್ಬನು ಮನೆಯಲ್ಲಿ ಏನಾಗುವನೆಂಬುದು ಈ ಹಳ್ಳಿಗಳ ಹೆಂಗಸರಿಗೆ ಚೆನ್ನಾಗಿ ಗೊತ್ತು. ಅವರು ಸಭೆಯಲ್ಲಿ ಎದ್ದು ನಿಂತು ಸಾಕ್ಷಿ ಹೇಳುವಾಗ ಸ್ವರ್ಗದ ಮಾತಿಗಿಂತ ಮೊದಲು ಬರುವುದು ಗಂಡನ ಕೂಲಿಯ ಹಣ ಈಗ ಮನೆಗೆ ಮುಟ್ಟುತ್ತಿದೆ, ಮಕ್ಕಳು ಅಪ್ಪನ ಹೆಜ್ಜೆ ಕೇಳಿ ಈಗ ಮೂಲೆಗೆ ಓಡುವುದಿಲ್ಲ ಎಂಬ ಮಾತು. ಧರ್ಮವು ಮನೆಯನ್ನು ಹೊಕ್ಕಿತೆನ್ನುವುದಕ್ಕೆ ಇದಕ್ಕಿಂತ ಬಲವಾದ ಪ್ರಮಾಣವನ್ನು ನಾನು ಕಾಣೆ.

ಕೊಡುವುದನ್ನು ಕಲಿಸುವ ಬಗೆಯೂ ಸರಳ. ದಖ್ಖನ್ನಿನ ಹಳ್ಳಿಯ ಸಭೆಗಳಲ್ಲಿ, ಅಡುಗೆಗೆ ಅಳೆದುಕೊಂಡ ಧಾನ್ಯದಲ್ಲಿ ಒಂದು ಹಿಡಿಯನ್ನು ದೇವರ ಪಾಲೆಂದು ಬೇರೆ ಗಡಿಗೆಗೆ ಹಾಕುವ ರೂಢಿ ಬಹುಕಾಲದಿಂದ ನಡೆದು ಬಂದಿದೆ. ಆ ಹಿಡಿಯನ್ನು ಹಾಕುವ ಕೆಲಸ ಬಹುಮಟ್ಟಿಗೆ ಮನೆಯ ಚಿಕ್ಕ ಮಗುವಿನದು. ಸುಗ್ಗಿಯ ಹಬ್ಬದಲ್ಲಿ ಜೋಳ, ಕುಂಬಳಕಾಯಿ, ಕೋಳಿ ಎಲ್ಲವೂ ಕಾಣಿಕೆಯಾಗಿ ಬಂದು ಹರಾಜಾಗುತ್ತವೆ. ಕ್ರಿಸ್‌ಮಸ್ಸಿನಲ್ಲಿ ಕರ್ಚಿಕಾಯಿ, ಚಕ್ಕುಲಿಗಳನ್ನು ನೆರೆಮನೆಗಳಿಗೆ ಹಂಚಿ ಬರುವವರು ಮಕ್ಕಳೇ. ಯುಗಾದಿಗೆ ಅದೇ ತಟ್ಟೆಗಳಲ್ಲಿ ಹೋಳಿಗೆ ತಿರುಗಿ ಬರುತ್ತದೆ. ಮುದಗಲ್ಲಿನ ಮೊಹರಂ ಜಾತಿಮತಗಳೆನ್ನದೆ ಸುತ್ತಣ ಸೀಮೆಯನ್ನೆಲ್ಲ ಸೆಳೆಯುವ ಉತ್ಸವ. ಅಂಥ ಊರಿನಲ್ಲಿ ಬೆಳೆಯುವ ಮಗುವಿಗೆ, ತನ್ನ ದೇವರನ್ನು ಪ್ರೀತಿಸುವುದಕ್ಕಾಗಿ ಪರರ ದೇವರನ್ನು ಹಳಿಯಬೇಕಾಗಿಲ್ಲ ಎಂಬುದನ್ನು ಬಾಯಿಬಿಟ್ಟು ಹೇಳಿಕೊಡಬೇಕಾಗಿಯೇ ಇಲ್ಲ.

ಕಷ್ಟವಿರುವುದು ಗುಳೆಯಲ್ಲಿ. ನೀರಾವರಿಯುಳ್ಳ ಸಿಂಧನೂರಿನ ಬಯಲನ್ನು ಬಿಟ್ಟು ಮಸ್ಕಿ, ಲಿಂಗಸುಗೂರುಗಳ ಒಣಭೂಮಿಯ ಕಡೆಗೆ ಬಂದರೆ, ಮಳೆ ಕೈಕೊಟ್ಟ ವರ್ಷ ಮನೆಗೆ ಮನೆಯೇ ಬೀಗ ಹಾಕಿ ಬೆಂಗಳೂರಿಗೋ ಪುಣೆಗೋ ಕಟ್ಟಡದ ಕೆಲಸಕ್ಕೆ ಹೊರಟುಹೋಗುತ್ತದೆ. ಮಕ್ಕಳನ್ನು ಕರೆದೊಯ್ದರೆ ಶಾಲೆ ತಪ್ಪುವುದು. ಬಿಟ್ಟುಹೋದರೆ ತಂದೆತಾಯಿಗಳು ತಪ್ಪುವರು. ಹಾಸ್ಟೆಲ್ಲುಗಳು ಕೆಲವರಿಗೆ ಆಸರೆಯಾಗಿವೆ; ನೆರೆಯ ಮಾನ್ವಿ, ಪನ್ನೂರುಗಳಲ್ಲಿ ಜೆಸ್ವಿತ್ ಗುರುಗಳು ಇಂಥ ಬಡಮಕ್ಕಳಿಗಾಗಿಯೇ ಶಾಲೆಗಳನ್ನು ನಡೆಸುತ್ತಿದ್ದಾರೆ. ಉಳಿದ ಮಕ್ಕಳಿಗೆ ಅಜ್ಜಿಯೇ ಗತಿ. ರಾತ್ರಿ ತಗಡಿನ ಶೆಡ್ಡಿನಿಂದ ತಾಯಿ ಮೊಬೈಲಿನಲ್ಲಿ ಕರೆಮಾಡಿ, ಉಂಡೆಯಾ ಎಂದು ಕೇಳಿ, ಪ್ರಾರ್ಥನೆ ಆಯಿತೇ ಎಂದು ಕೇಳಿ, ಆಗಿಲ್ಲವೆಂದರೆ ಅಲ್ಲಿಂದಲೇ ಮಾಡಿಸುತ್ತಾಳೆ. ಕುಟುಂಬವು ಒಟ್ಟಿಗಿರಬೇಕೆಂದು ಉಪದೇಶಿಸುವ ಸಭೆಗಳು, ಕುಟುಂಬಗಳನ್ನು ಒಡೆಯುವ ಈ ಗುಳೆಯ ವಿಷಯದಲ್ಲಿ ಇನ್ನೂ ಗಟ್ಟಿಯಾಗಿ ಮಾತನಾಡಬೇಕಾಗಿತ್ತೆಂಬುದು ನನ್ನ ದೃಢವಾದ ಅಭಿಪ್ರಾಯ.

ಇನ್ನೊಂದು ಸಂಕಟ ಶಾಲೆಗೆ ಸೇರಿಸುವ ದಿನ ಎದುರಾಗುತ್ತದೆ. ಇಲ್ಲಿಯ ಕ್ರೈಸ್ತರಲ್ಲಿ ಬಹುಮಂದಿ ದಲಿತ ಸಮುದಾಯದವರು. 1950ರ ರಾಷ್ಟ್ರಪತಿಗಳ ಆಜ್ಞೆಯ ಪ್ರಕಾರ ಪರಿಶಿಷ್ಟ ಜಾತಿಯ ಸೌಲಭ್ಯ ಹಿಂದೂಗಳಿಗೂ, 1956ರ ತಿದ್ದುಪಡಿಯಿಂದ ಸಿಖ್ಖರಿಗೂ, 1990ರ ತಿದ್ದುಪಡಿಯಿಂದ ಬೌದ್ಧರಿಗೂ ಉಂಟು, ಕ್ರೈಸ್ತರಾದ ದಲಿತರಿಗಿಲ್ಲ. ಕರ್ನಾಟಕವು ಅವರನ್ನು ಹಿಂದುಳಿದವರ ಪ್ರವರ್ಗ 1ರಲ್ಲಿ ಸೇರಿಸಿದೆ. ಊರಿನ ಕಣ್ಣಿನಲ್ಲಿ ಕೇರಿ ಬದಲಾಗಲಿಲ್ಲ, ಕಾಗದದಲ್ಲಿ ಮಾತ್ರ ಬದಲಾಗಬೇಕು. ಆದುದರಿಂದ ಮನೆಯಲ್ಲಿ ಸತ್ಯವನ್ನೇ ನುಡಿಯಬೇಕೆಂದು ಮಗುವಿಗೆ ಕಲಿಸಿದ ತಂದೆಯು, ಅರ್ಜಿಯ ಧರ್ಮವೆಂಬ ಅಂಕಣದ ಮುಂದೆ ಲೇಖನಿ ಹಿಡಿದು, ಮಗನ ವಿದ್ಯಾರ್ಥಿವೇತನವನ್ನೂ ತನ್ನ ಮನಸ್ಸಾಕ್ಷಿಯನ್ನೂ ತೂಗಬೇಕಾಗುತ್ತದೆ. ಮಸ್ಕಿಯ ಬಂಡೆಯ ಮೇಲೆ, 1915ರಲ್ಲಿ ಬೆಳಕಿಗೆ ಬಂದು ಅಶೋಕನ ಹೆಸರನ್ನೇ ನಮಗೆ ಖಚಿತಪಡಿಸಿದ ಆ ಶಾಸನದಲ್ಲಿ, ಧರ್ಮದ ಫಲ ದೊಡ್ಡವರಿಗೆ ಮಾತ್ರವಲ್ಲ, ಸಾಮಾನ್ಯನಿಗೂ ಲಭ್ಯವೆಂಬ ಅಭಿಪ್ರಾಯ ಕೆತ್ತಲ್ಪಟ್ಟಿದೆ. ಅದೇ ಮಸ್ಕಿಯಲ್ಲಿ ಇಂದು ಬಡವನೊಬ್ಬನು ತನ್ನ ಧರ್ಮವನ್ನು ನಿಜವಾಗಿ ಬರೆದರೆ ಮಗನ ಓದಿಗೆ ನಷ್ಟ, ಬರೆಯದಿದ್ದರೆ ಮಗನಿಗೆ ಕಲಿಸಿದ ಮಾತಿಗೆ ನಷ್ಟ. ಇಂಥ ನಿರ್ಬಂಧದಲ್ಲಿ ತಂದೆಯರನ್ನು ನಿಲ್ಲಿಸುವ ನಿಯಮ ತಿದ್ದಲ್ಪಡಬೇಕೆಂದು ದಲಿತ ಕ್ರೈಸ್ತರು ದಶಕಗಳಿಂದ ಕೇಳುತ್ತಿದ್ದಾರೆ. ಪ್ರಶ್ನೆ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಗಿದೆ.