ಎಂಟು ಕ್ಯಾಮೆರಾ, 30 ದಿನದ ದಾಖಲೆ: ಬಾಗಲಕೋಟೆ ಜಿಲ್ಲೆಯ ಅಂಗಡಿಗೊಂದು ಖರ್ಚಿನ ಲೆಕ್ಕ

ಎಂಟು ಕ್ಯಾಮೆರಾಗಳ ವ್ಯವಸ್ಥೆಗೆ 1 ಟೆರಾಬೈಟ್ ಹಾರ್ಡ್ ಡಿಸ್ಕ್ ಹಾಕಿದರೆ ದೃಶ್ಯ ಉಳಿಯುವುದು 5.8 ದಿನ. ರಾಜ್ಯದ 2017ರ ಸಾರ್ವಜನಿಕ ಸುರಕ್ಷತಾ ಕ್ರಮಗಳ ಜಾರಿ ಕಾಯ್ದೆ ಕೇಳುವುದು 30 ದಿನ. ಒಂದೇ ಹೊತ್ತಿಗೆ 100 ಅಥವಾ ದಿನಕ್ಕೆ 500 ಜನ ಸೇರುವ ಜಾಗಗಳಿಗೆ ಈ ಕಾಯ್ದೆ ಅನ್ವಯಿಸುತ್ತದೆ. ಅಂಗಡಿ, ಆಸ್ಪತ್ರೆ, ಶಾಲೆ, ದೇವಸ್ಥಾನ ಎಲ್ಲವೂ ಅದರಲ್ಲಿ ಸೇರಿವೆ. ಲಗ್ನದ ದಿನಗಳಲ್ಲಿ ಇಳಕಲ್ಲಿನ ದೊಡ್ಡ ಸೀರೆ ಅಂಗಡಿ, ಸೋಮವಾರದ ಬೆಳಿಗ್ಗೆ ಬಾಗಲಕೋಟೆ ನವನಗರದ ಆಸ್ಪತ್ರೆ ಈ ಸಂಖ್ಯೆಯನ್ನು ಮುಟ್ಟುವುದು ಕಷ್ಟವಲ್ಲ. ಆದರೂ ನಮ್ಮಲ್ಲಿ ಕೊಟೇಶನ್ ಕೇಳುವವರ ಮೊದಲ ಪ್ರಶ್ನೆ ‘ಎಷ್ಟು ಕ್ಯಾಮೆರಾ’ ಎಂಬುದೇ. ‘ಎಷ್ಟು ದಿನ’ ಎಂಬ ಪ್ರಶ್ನೆ ಏಳುವುದು ಕಳವಾದ ಮೇಲೆ.

ದಿನದ ಲೆಕ್ಕಕ್ಕೆ ಒಂದೇ ಸಂಖ್ಯೆ ಸಾಕು: 10.8. ಸೆಕೆಂಡಿಗೆ 1 ಮೆಗಾಬಿಟ್ ವೇಗದಲ್ಲಿ ದೃಶ್ಯ ಹರಿದರೆ 24 ಗಂಟೆಗೆ 10.8 ಜಿಬಿ ಆಗುತ್ತದೆ. ಈ ವೇಗಕ್ಕೆ ಬಿಟ್‌ರೇಟ್ ಎಂದು ಹೆಸರು. 4 ಮೆಗಾಪಿಕ್ಸೆಲ್ ಕ್ಯಾಮೆರಾ ಎಚ್.265 ಎಂಬ ಹೊಸ ಸಂಕುಚನ ವಿಧಾನದಲ್ಲಿ ಸುಮಾರು 2 ಮೆಗಾಬಿಟ್ ಬಳಸುತ್ತದೆ, ಹಳೆಯ ಎಚ್.264ರಲ್ಲಿ ಸುಮಾರು 4. ಹೊಸ ವಿಧಾನದಲ್ಲಿ ಒಂದು ಕ್ಯಾಮೆರಾಕ್ಕೆ ದಿನಕ್ಕೆ 21.6 ಜಿಬಿ, ಎಂಟಕ್ಕೆ 172.8, ಮೂವತ್ತು ದಿನಕ್ಕೆ 5,184 ಜಿಬಿ. 2 ಟೆರಾಬೈಟ್ ಡಿಸ್ಕ್ 11.6 ದಿನಕ್ಕೆ, 4 ಟೆರಾಬೈಟಿನದು 23.1 ದಿನಕ್ಕೆ ತುಂಬುತ್ತದೆ. 30 ದಿನ ದಾಟಬೇಕಾದರೆ 6 ಟೆರಾಬೈಟ್ ಬೇಕು. ಅದು 34.7 ದಿನ ಬರುತ್ತದೆ. ರೆಕಾರ್ಡರಿನ ಮೆನುವಿನಲ್ಲಿ ಎಚ್.264 ಹಾಗೆಯೇ ಉಳಿದಿದ್ದರೆ ಅದೇ ಡಿಸ್ಕಿನ ಆಯುಸ್ಸು 17 ದಿನಕ್ಕೆ ಇಳಿಯುತ್ತದೆ.

ಇನ್ನು ರೂಪಾಯಿ. ಕೆಳಗಿನ ದರಗಳನ್ನು ಲೆಕ್ಕ ತೋರಿಸಲು ಹಿಡಿದಿದೆ. ನಿಮ್ಮ ಕೈಯಲ್ಲಿರುವ ಕೊಟೇಶನ್‌ನ ದರಗಳನ್ನು ಅದೇ ಜಾಗದಲ್ಲಿ ಇಟ್ಟುಕೊಳ್ಳಬಹುದು. 4 ಮೆಗಾಪಿಕ್ಸೆಲ್ ಕ್ಯಾಮೆರಾ ಒಂದಕ್ಕೆ ₹3,200ರಂತೆ ಎಂಟಕ್ಕೆ ₹25,600. ಜಾಲದ ಮೂಲಕ ಬಂದ ದೃಶ್ಯವನ್ನು ಡಿಸ್ಕಿಗೆ ಬರೆಯುವ ರೆಕಾರ್ಡರ್, ಅಂದರೆ ಎನ್‌ವಿಆರ್, ₹6,500. ಒಂದೇ ಕೇಬಲಿನಲ್ಲಿ ವಿದ್ಯುತ್ತನ್ನೂ ದತ್ತಾಂಶವನ್ನೂ ಕಳಿಸುವ ಪಿಒಇ ಸ್ವಿಚ್ ₹4,500. 6 ಟೆರಾಬೈಟ್ ಡಿಸ್ಕ್ ₹15,000. 305 ಮೀಟರಿನ ಕೇಬಲ್ ಬಾಕ್ಸ್ ₹8,000. ಪೈಪು, ಕನೆಕ್ಟರ್, ಜಂಕ್ಷನ್ ಬಾಕ್ಸ್ ₹4,000. ಯುಪಿಎಸ್ ₹5,500. ಬೀಗ ಹಾಕುವ ಗೋಡೆ ರ‍್ಯಾಕ್ ₹2,500. ಕೂಲಿ ₹4,800. ಒಟ್ಟು ₹76,400. ಶೇ 18ರ ಜಿಎಸ್‌ಟಿ ಸೇರಿ ₹90,152.

ಈ ಬಿಲ್ಲಿನಲ್ಲಿ ಕ್ಯಾಮೆರಾಗಳ ಪಾಲು ಶೇ 33.5 ಮಾತ್ರ. ಡಿಸ್ಕಿನ ಪಾಲು ಶೇ 19.6. ಬೆಲೆ ಇಳಿಸಲು ಮಾರುವವರು ಮೊದಲು ಕೈಹಾಕುವುದೂ ಡಿಸ್ಕಿಗೇ, ಏಕೆಂದರೆ ಗೋಡೆಯ ಮೇಲೆ ಅದು ಕಾಣುವುದಿಲ್ಲ. 6 ಟೆರಾಬೈಟ್ ತೆಗೆದು ₹4,000ದ 1 ಟೆರಾಬೈಟ್ ಹಾಕಿದರೆ ತೆರಿಗೆಗೆ ಮುಂಚಿನ ಬಿಲ್ಲಿನಲ್ಲಿ ₹11,000 ಉಳಿಯುತ್ತದೆ, ಶೇ 14.4. ದಾಖಲೆಯ ದಿನಗಳಲ್ಲಿ ಹೋಗುವುದು ಶೇ 83.

ಡಿಸ್ಕಿನ ಜಾತಿಯೂ ಲೆಕ್ಕಕ್ಕೆ ಬರುತ್ತದೆ. ಎಂಟು ಕ್ಯಾಮೆರಾಗಳು ವರ್ಷಕ್ಕೆ 63 ಟೆರಾಬೈಟ್ ಬರೆಯುತ್ತವೆ. ಸಾಮಾನ್ಯ ಕಂಪ್ಯೂಟರಿನ ಡಿಸ್ಕಿಗೆ ತಯಾರಕರು ಕೊಡುವ ಮಿತಿ ವರ್ಷಕ್ಕೆ 55 ಟೆರಾಬೈಟಿನ ಆಸುಪಾಸು. ಕಣ್ಗಾವಲಿಗೆಂದೇ ಮಾಡಿದ ಡಿಸ್ಕಿಗೆ 180.

ಕ್ಯಾಮೆರಾ ಆಯ್ಕೆಯಲ್ಲಿ ನೋಡಬೇಕಾದ್ದು ಒಂದು ಮೀಟರಿಗೆ ಸಿಗುವ ಪಿಕ್ಸೆಲ್. ಅಂತರರಾಷ್ಟ್ರೀಯ ಮಾನದಂಡ ಐಇಸಿ 62676-4ರ 2014ರ ಆವೃತ್ತಿಯ ಪ್ರಕಾರ ಯಾರೋ ಇದ್ದಾರೆ ಎಂದು ತಿಳಿಯಲು ಮೀಟರಿಗೆ 25 ಪಿಕ್ಸೆಲ್ ಸಾಕು. ಪರಿಚಿತರನ್ನು ಗುರುತಿಸಲು 125 ಬೇಕು. ಅಪರಿಚಿತ ಮುಖ ಇಂಥವರದೇ ಎಂದು ಹೇಳಲು 250 ಬೇಕು. 4 ಮೆಗಾಪಿಕ್ಸೆಲ್ ಚಿತ್ರದ ಅಗಲ 2,560 ಪಿಕ್ಸೆಲ್. 250ರಿಂದ ಭಾಗಿಸಿದರೆ ಮುಖ ಗುರುತಾಗುವ ನೋಟದ ಅಗಲ 10.24 ಮೀಟರ್. 2 ಮೆಗಾಪಿಕ್ಸೆಲ್‌ನಲ್ಲಿ ಇದು 7.68 ಮೀಟರ್. 100 ಡಿಗ್ರಿ ನೋಟದ ಅಗಲ ಲೆನ್ಸಿನಲ್ಲಿ ಈ 10.24 ಮೀಟರ್ ಸಿಗುವುದು 4.3 ಮೀಟರ್ ದೂರದಲ್ಲೇ. ಅದರಾಚೆ ಮುಖದ ವಿವರ ಕಳೆಯುತ್ತಾ ಹೋಗುತ್ತದೆ. 50 ಡಿಗ್ರಿ ಲೆನ್ಸ್ ಹಾಕಿದರೆ ಗುರುತು ಸುಮಾರು 11 ಮೀಟರ್ ವರೆಗೆ ನಿಲ್ಲುತ್ತದೆ. ಎರಡು ಲೆನ್ಸುಗಳಿಗೂ ಬೆಲೆಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. 15 ಮೀಟರ್ ಉದ್ದದ ಸೀರೆ ಅಂಗಡಿಯ ಹಿಂಗೋಡೆಯ ಮೇಲೆ ಒಂದು ಅಗಲ ಲೆನ್ಸ್ ಕೂರಿಸಿ ಬಾಗಿಲಲ್ಲಿ ಬರುವವರ ಮುಖ ಸಿಗಲಿ ಎಂದು ಕಾಯುವುದು ವ್ಯರ್ಥ. ಬಾಗಿಲಿಗೂ ಗಲ್ಲಾಪೆಟ್ಟಿಗೆಗೂ ಕಿರಿದಾದ ನೋಟದ ಲೆನ್ಸ್ ಹಾಕಿ, ಉಳಿದ ಜಾಗಕ್ಕೆ ಅಗಲದ್ದನ್ನು ಬಿಡಬೇಕು.

ಹುನಗುಂದದ ಪಕ್ಕ ಹಾಯುವ ರಾಷ್ಟ್ರೀಯ ಹೆದ್ದಾರಿ 50ರ ಪೆಟ್ರೋಲ್ ಬಂಕುಗಳ ಅಗತ್ಯ ಬೇರೆ: ನಂಬರ್ ಪ್ಲೇಟ್. ಗಂಟೆಗೆ 60 ಕಿ.ಮೀ. ವೇಗದ ವಾಹನ ಸೆಕೆಂಡಿಗೆ 16.7 ಮೀಟರ್ ಸಾಗುತ್ತದೆ. ರಾತ್ರಿ ಬೆಳಕು ಸಾಲದೆ ಕ್ಯಾಮೆರಾದ ಶಟರ್ ಸೆಕೆಂಡಿನ 25ರಲ್ಲಿ ಒಂದು ಭಾಗ ತೆರೆದಿದ್ದರೆ ಅಷ್ಟರಲ್ಲಿ ಪ್ಲೇಟು 67 ಸೆಂ.ಮೀ. ಸರಿದಿರುತ್ತದೆ. ಕಾರಿನ ಪ್ಲೇಟಿನ ಉದ್ದವೇ 50 ಸೆಂ.ಮೀ. ಶಟರನ್ನು 500ರಲ್ಲಿ ಒಂದಕ್ಕೆ ಕಟ್ಟಿಹಾಕಿದರೆ ಸರಿಯುವುದು 3.3 ಸೆಂ.ಮೀ. ಬಂಕಿನ ಒಳದಾರಿಯಲ್ಲಿ ವೇಗ 20 ಕಿ.ಮೀ.ಗೆ ಇಳಿದಾಗ 1.1 ಸೆಂ.ಮೀ. ಹಾಗಾಗಿ ಪ್ಲೇಟಿನ ಕ್ಯಾಮೆರಾವನ್ನು ಹೆದ್ದಾರಿಯ ಕಡೆ ತಿರುಗಿಸುವ ಬದಲು ಹೊರಹೋಗುವ ದಾರಿಗೆ ಹಿಡಿದು, ಅದೊಂದಕ್ಕೆ ಶಟರ್ ಬೇರೆಯಾಗಿ ಹೊಂದಿಸಿ, ಒಂದು ಫ್ಲಡ್‌ಲೈಟ್ ಸೇರಿಸುವುದು ಸರಿ.

ಕೇಬಲಿನಲ್ಲಿ ಮೋಸ ಹೋಗುವುದು ಸುಲಭ. ಪಿಒಇಯ ಮೊದಲ ಮಾನದಂಡದಲ್ಲಿ ಸ್ವಿಚ್ಚಿನಿಂದ 15.4 ವ್ಯಾಟ್ ಹೊರಟರೆ 100 ಮೀಟರ್ ಆಚೆ ಕ್ಯಾಮೆರಾಕ್ಕೆ 12.95 ವ್ಯಾಟ್ ತಲುಪಬೇಕು. ಈ ಲೆಕ್ಕ ಶುದ್ಧ ತಾಮ್ರದ್ದು. ಮಾರುಕಟ್ಟೆಯಲ್ಲಿ ತಾಮ್ರದ ಲೇಪವಿರುವ ಅಲ್ಯುಮಿನಿಯಂ ಕೇಬಲೂ ಸಿಗುತ್ತದೆ, ಅದರ ವಿದ್ಯುತ್ ರೋಧ ತಾಮ್ರಕ್ಕಿಂತ ಶೇ 50ಕ್ಕೂ ಹೆಚ್ಚು. ಪರೀಕ್ಷೆಗೆ ಉಪಕರಣ ಬೇಡ. ತಂತಿಯ ತುದಿಯನ್ನು ಬ್ಲೇಡಿನಿಂದ ಕೆರೆಯಿರಿ. ಕೆಂಪು ಮೇಲ್ಪದರ ಹೋಗಿ ಒಳಗೆ ಬೆಳ್ಳಿಬಣ್ಣ ಕಂಡರೆ ಅದು ಅಲ್ಯುಮಿನಿಯಂ. ಹಗಲು ಸರಿಯಾಗಿದ್ದ ಕ್ಯಾಮೆರಾ ರಾತ್ರಿ ಇನ್‌ಫ್ರಾರೆಡ್ ದೀಪ ಹೊತ್ತಿಕೊಂಡೊಡನೆ ಆರಿ ಮತ್ತೆ ಶುರುವಾಗುತ್ತಿದ್ದರೆ ಮೊದಲು ನೋಡಬೇಕಾದ್ದು ಇದನ್ನೇ. ಇಳಕಲ್ಲಿನ ಗ್ರಾನೈಟ್ ಯಾರ್ಡುಗಳಲ್ಲಿ ಕಚೇರಿಯಿಂದ ಗೇಟಿಗೆ 100 ಮೀಟರ್ ಮೀರಿದರೆ ತಾಮ್ರ ಬಿಟ್ಟು ಆಪ್ಟಿಕಲ್ ಫೈಬರ್ ಎಳೆಸಬೇಕು. ಸಿಡಿಲಿನ ಹೊಡೆತವೂ ಅದರಿಂದ ತಪ್ಪುತ್ತದೆ.

ವಿದ್ಯುತ್ತಿಗೆ ಒಟ್ಟು ಬೇಡಿಕೆ ಸುಮಾರು 80 ವ್ಯಾಟ್. ವರ್ಷಕ್ಕೆ 701 ಯೂನಿಟ್. ಹೆಸ್ಕಾಂ ವಾಣಿಜ್ಯ ಬಿಲ್ಲಿನಲ್ಲಿ ಯೂನಿಟ್ಟಿಗೆ ₹8 ಹಿಡಿದರೆ ₹5,606. ಕರೆಂಟು ಹೋದಾಗ, 7 ಆಂಪಿಯರ್-ಅವರ್‌ನ ಎರಡು ಬ್ಯಾಟರಿಗಳಿರುವ ಯುಪಿಎಸ್ ಶೇ 60 ದಕ್ಷತೆಯಲ್ಲಿ ನಿಲ್ಲುವುದು 75 ನಿಮಿಷ. ಅಂಗಡಿಯಲ್ಲಿ ಈಗಾಗಲೇ ಇರುವ 150 ಆಂಪಿಯರ್-ಅವರ್ ಇನ್ವರ್ಟರ್ ಬ್ಯಾಟರಿಗೆ ಜೋಡಿಸಿದರೆ 13.5 ಗಂಟೆ. ರಾತ್ರಿ ಬಾಗಿಲು ಹಾಕುವಾಗ ಮೇನ್ ಸ್ವಿಚ್ ಆರಿಸಿ ಹೋಗುವ ರೂಢಿ ಹಲವು ಅಂಗಡಿಗಳಲ್ಲಿದೆ. ಕ್ಯಾಮೆರಾದ ಲೈನು ಅದರಿಂದ ಬೇರೆಯಾಗಿರಲೇಬೇಕು.

ಎಲ್ಲವನ್ನೂ ಕ್ಲೌಡಿಗೆ, ಅಂದರೆ ಇಂಟರ್‌ನೆಟ್ ಮೂಲಕ ದೂರದ ಸರ್ವರಿಗೆ, ಕಳಿಸಿದರೆ ಡಿಸ್ಕೇ ಬೇಡವಲ್ಲ ಎನ್ನುವವರಿದ್ದಾರೆ. ತಿಂಗಳಿಗೆ 5,184 ಜಿಬಿ ಹೋಗಬೇಕು. ಹಲವು ಫೈಬರ್ ಪ್ಲಾನುಗಳ ತಿಂಗಳ ಮಿತಿ 3,300 ಜಿಬಿ. ಬೇಡಿಕೆ ಮಿತಿಗಿಂತ ಶೇ 57 ಹೆಚ್ಚು. ಮೊಬೈಲಿನಲ್ಲಿ ನೋಡಲು ಇಂಟರ್‌ನೆಟ್ ಇರಲಿ, ದಾಖಲೆ ಡಿಸ್ಕಿನಲ್ಲಿರಲಿ.

ಆ ಡಿಸ್ಕನ್ನೇ ಹೊತ್ತೊಯ್ದರೆ? 2024ರ ಅಕ್ಟೋಬರ್‌ನಲ್ಲಿ ದಾವಣಗೆರೆ ಜಿಲ್ಲೆಯ ನ್ಯಾಮತಿಯ ಸ್ಟೇಟ್ ಬ್ಯಾಂಕ್ ಶಾಖೆಯಿಂದ 17 ಕಿಲೋಗೂ ಹೆಚ್ಚು ಚಿನ್ನ ಕದ್ದವರು ಸಿಸಿಟಿವಿ ರೆಕಾರ್ಡರನ್ನೂ ಒಯ್ದರು. ಆರೋಪಿಗಳ ಬಂಧನವನ್ನು ಪೊಲೀಸರು ಪ್ರಕಟಿಸಿದ್ದು 2025ರ ಮಾರ್ಚ್‌ನಲ್ಲಿ, ಐದು ತಿಂಗಳ ನಂತರ. ಅದೇ ವರ್ಷದ ಮೇ ತಿಂಗಳಲ್ಲಿ ನಮ್ಮ ನೆರೆಯ ವಿಜಯಪುರ ಜಿಲ್ಲೆಯ ಮನಗೂಳಿಯ ಬ್ಯಾಂಕ್ ಶಾಖೆಯಲ್ಲಿ 58.97 ಕಿಲೋ ಚಿನ್ನ ಕಳವಾಯಿತು. ಚಿನ್ನ ಅಡವಿಟ್ಟುಕೊಂಡು ಸಾಲ ಕೊಡುವ ಪತ್ತಿನ ಸಹಕಾರ ಸಂಘಗಳು ಬಾಗಲಕೋಟೆ ಜಿಲ್ಲೆಯಲ್ಲಿ ಊರೂರಿಗೂ ಇವೆ. ಅವುಗಳ ಆಡಳಿತ ಮಂಡಳಿಗಳು ಈ ಎರಡು ಪ್ರಕರಣಗಳನ್ನು ಓದಲೇಬೇಕು. ರೆಕಾರ್ಡರ್ ಕೌಂಟರಿನ ಕೆಳಗಿದ್ದರೆ ಅದು ಕಳ್ಳನ ಕೈಗೆ ಸಿಗುತ್ತದೆ. ಬೀಗದ ರ‍್ಯಾಕಿನಲ್ಲಿಟ್ಟು ಬೇರೆ ಕೋಣೆಯಲ್ಲಿ ಕೂರಿಸಲು ಮೇಲಿನ ಬಿಲ್ಲಿನಲ್ಲಿ ₹2,500 ಇದೆ. ಇನ್ನೊಂದು ದಾರಿ ಕ್ಯಾಮೆರಾದೊಳಗೇ ಮೆಮೊರಿ ಕಾರ್ಡ್. 128 ಜಿಬಿ ಕಾರ್ಡಿನಲ್ಲಿ 5.9 ದಿನದ ದೃಶ್ಯ ನಿಲ್ಲುತ್ತದೆ. ಬಾಗಿಲು ಮತ್ತು ತಿಜೋರಿ ಕೋಣೆಯ ಎರಡು ಕ್ಯಾಮೆರಾಗಳಿಗೆ ₹1,200ರಂತೆ ₹2,400, ಅಂದರೆ ಬಿಲ್ಲಿನ ಶೇ 3.1. ನನ್ನ ಮಟ್ಟಿಗೆ ಇಡೀ ವ್ಯವಸ್ಥೆಯಲ್ಲಿ ಇದಕ್ಕಿಂತ ಸಾರ್ಥಕವಾದ ಖರ್ಚು ಇಲ್ಲ.

30 ದಿನ ಕಾನೂನಿನ ಕನಿಷ್ಠ ಮಟ್ಟ ಮಾತ್ರ. ಪೊಲೀಸ್ ಠಾಣೆಗಳ ಕ್ಯಾಮೆರಾ ಕುರಿತು ಸುಪ್ರೀಂ ಕೋರ್ಟ್ 2020ರ ಡಿಸೆಂಬರ್ 2ರಂದು ಕೊಟ್ಟ ತೀರ್ಪಿನಲ್ಲಿ 18 ತಿಂಗಳ ದಾಖಲೆ ಕೇಳಿತು. ಅದು ಸಾಧ್ಯವಾಗದಿದ್ದರೂ ಒಂದು ವರ್ಷಕ್ಕೆ ಕಡಿಮೆ ಇರಕೂಡದೆಂದಿತು. ನಮ್ಮ ಲೆಕ್ಕದ ಬಿಟ್‌ರೇಟಿನಲ್ಲಿ 18 ತಿಂಗಳಿಗೆ ಒಂದು ಕ್ಯಾಮೆರಾಕ್ಕೆ 11.8 ಟೆರಾಬೈಟ್ ಬೇಕು, ಹನ್ನೆರಡು ಕ್ಯಾಮೆರಾಗಳಿಗೆ 142. ಸಹಕಾರ ಸಂಘಕ್ಕೆ ಅಷ್ಟು ಬೇಡ. ಆದರೆ ನ್ಯಾಮತಿಯ ಸಂಚು ತಿಂಗಳುಗಟ್ಟಲೆ ನಡೆದಿತ್ತು ಎಂಬುದನ್ನು ನೆನೆದರೆ 60 ದಿನದ ಡಿಸ್ಕಿಗೆ ಇನ್ನೊಂದು ₹15,000 ಹಾಕುವುದು ಹೆಚ್ಚಲ್ಲ.

ಬಾದಾಮಿಯ ವಸತಿಗೃಹಗಳಿಗೆ ನಾಲ್ಕು ಕ್ಯಾಮೆರಾ ಸಾಕಾಗಬಹುದು: ಸ್ವಾಗತ ಮೇಜು, ಗೇಟು, ಮೆಟ್ಟಿಲು, ಪಾರ್ಕಿಂಗ್. 30 ದಿನಕ್ಕೆ 2,592 ಜಿಬಿ, ಅಂದರೆ 4 ಟೆರಾಬೈಟ್ ಡಿಸ್ಕಿನಲ್ಲಿ 46 ದಿನ. ಸ್ವಾಗತ ಮೇಜಿನ ಹಿಂದಿನ ಕ್ಯಾಮೆರಾ ಬಿಸಿಲು ತುಂಬಿದ ಬಾಗಿಲಿಗೆ ಎದುರಾಗುವುದರಿಂದ ಅಲ್ಲಿ 120 ಡೆಸಿಬೆಲ್ ಡಬ್ಲ್ಯೂಡಿಆರ್ ಇರಲಿ. ನೆರಳನ್ನೂ ಬಿಸಿಲನ್ನೂ ಒಂದೇ ಚಿತ್ರದಲ್ಲಿ ಹಿಡಿಯುವ ಗುಣ ಅದು. ಕೋಣೆ, ಸ್ನಾನದ ಮನೆಗಳಲ್ಲಿ ಕ್ಯಾಮೆರಾ ಇಟ್ಟು ಹೆಣ್ಣುಮಕ್ಕಳ ಖಾಸಗಿ ದೃಶ್ಯ ಸೆರೆಹಿಡಿದರೆ ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಮಿನಡಿ ಮೊದಲ ಅಪರಾಧಕ್ಕೇ 1ರಿಂದ 3 ವರ್ಷ ಸೆರೆ.

ಕೊಳ್ಳುವಾಗ ಒಂದು ದಿನಾಂಕ ನೆನಪಿರಲಿ: 2025ರ ಏಪ್ರಿಲ್ 9. ಕೇಂದ್ರ ಸರ್ಕಾರ 2024ರ ಏಪ್ರಿಲ್‌ನಲ್ಲಿ ಹೊರಡಿಸಿದ ಆದೇಶದಂತೆ ಅಂದಿನಿಂದ ಸಿಸಿಟಿವಿ ಕ್ಯಾಮೆರಾಗಳಿಗೆ ಸೈಬರ್ ಸುರಕ್ಷತೆಯ ಪರೀಕ್ಷೆ ಕಡ್ಡಾಯ. ಅದಕ್ಕೆ ಕಾರಣವಿದೆ. 2016ರಲ್ಲಿ ಮಿರಾಯ್ ಎಂಬ ದುರುದ್ದೇಶದ ತಂತ್ರಾಂಶವು ಕಾರ್ಖಾನೆಯಿಂದಲೇ ಬಂದ 60ಕ್ಕೂ ಹೆಚ್ಚು ಹೆಸರು-ಪಾಸ್‌ವರ್ಡ್ ಜೋಡಿಗಳನ್ನು ಪ್ರಯೋಗಿಸಿ, ಕ್ಯಾಮೆರಾ, ರೆಕಾರ್ಡರ್, ರೂಟರ್ ಸೇರಿ ಸುಮಾರು 6 ಲಕ್ಷ ಸಾಧನಗಳನ್ನು ವಶಮಾಡಿಕೊಂಡಿತ್ತು. ಪಾಸ್‌ವರ್ಡ್ ಬದಲಿಸಲು ಖರ್ಚು ಸೊನ್ನೆ. ಜೋಡಿಸಿದವರ ಮೊಬೈಲಿನಲ್ಲಿ ನಿಮ್ಮ ಖಾತೆ ಉಳಿಯದಂತೆ ಅಂದೇ ತೆಗೆಸಿ.

ರೆಕಾರ್ಡರಿನ ಗಡಿಯಾರ ದಿನಕ್ಕೆ 2 ಸೆಕೆಂಡ್ ತಪ್ಪಿದರೂ ವರ್ಷಕ್ಕೆ 12 ನಿಮಿಷ ಆಗುತ್ತದೆ. ಇಂಟರ್‌ನೆಟ್ ಸಮಯಕ್ಕೆ ಹೊಂದಿಸಿಡಿ. ನ್ಯಾಯಾಲಯದಲ್ಲಿ ದೃಶ್ಯ ನಿಲ್ಲಬೇಕಾದರೆ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕು. ಅದರಲ್ಲಿ ಕಡತದ ಹ್ಯಾಶ್ ಮೌಲ್ಯ ಬರೆಯಬೇಕು. ಕಡತದಲ್ಲಿ ಒಂದಕ್ಷರ ಬದಲಾದರೂ ಬೇರೆಯಾಗುವ ಗುರುತುಸಂಖ್ಯೆ ಅದು. ಮಾನಿಟರಿನ ಪರದೆಯನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ ಕಳಿಸಿದ ತುಣುಕು ಮೂಲ ಕಡತಕ್ಕೆ ಸಾಟಿಯಾಗದು.

ಐದು ವರ್ಷದ ಒಟ್ಟು ಖರ್ಚು ಹೀಗಿದೆ: ಆರಂಭಕ್ಕೆ ₹90,152, ವಿದ್ಯುತ್ತಿಗೆ ₹28,032, ಒಮ್ಮೆ ಡಿಸ್ಕ್ ಬದಲಿಸಲು ತೆರಿಗೆ ಸೇರಿ ₹17,700. ಮೊತ್ತ ₹1,35,884. ದಿನಕ್ಕೆ ₹74, ಕ್ಯಾಮೆರಾ ಒಂದಕ್ಕೆ ₹9.31. ಕೊಟೇಶನ್‌ನಲ್ಲಿ ‘ಹಾರ್ಡ್ ಡಿಸ್ಕ್ ಸಹಿತ’ ಎಂದಷ್ಟೇ ಇದ್ದರೆ ಸಹಿ ಹಾಕಬೇಡಿ. ಬಿಟ್‌ರೇಟ್ ಎಷ್ಟು, ಟೆರಾಬೈಟ್ ಎಷ್ಟು, ದಿನ ಎಷ್ಟು ಎಂದು ಬರೆಸಿಕೊಳ್ಳಿ. ಜೋಡಿಸಿದ 31ನೇ ದಿನ ರೆಕಾರ್ಡರ್ ತೆರೆದು ಮೊದಲ ದಿನದ ದೃಶ್ಯ ಇದೆಯೇ ಎಂದು ನೋಡಿದ ಮೇಲೆ ಬಾಕಿ ಹಣ ಕೊಡಿ.